ನಿಮ್ಮ ಹೆಂಡತಿ ನರ್ಸ್ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ

ನಮಸ್ಕಾರ. ನೀವು ಬರೆದದ್ದನ್ನು ಎರಡು ಸಲ ಓದಿದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಊರು ದಾವಣಗೆರೆ, ನಾಲ್ಕು ವರ್ಷದ ಮಗಳು. ಜರ್ಮನಿಗೆ ಚಾನ್ಸೆನ್‌ಕಾರ್ಟೆ ಅನ್ನುವ ವೀಸಾ ಮಾಡಿಸಿಕೊಡಲು ಏಜೆಂಟ್ ಒಬ್ಬರು ನಾಲ್ಕು ಲಕ್ಷ ಕೇಳಿದ್ದಾರೆ, ಕೊಡಬಹುದಾ ಅಕ್ಕಾ ಅಂತ ಕೇಳಿದ್ದೀರಿ. ಕೊನೆಯಲ್ಲಿ ಒಂದೇ ಸಾಲು: ಹೆಂಡತಿ ಬಿಎಸ್ಸಿ ನರ್ಸಿಂಗ್, ಆರು ವರ್ಷ ಆಸ್ಪತ್ರೆಯಲ್ಲಿ ಇದ್ದಳು, ಮಗು ಆದಮೇಲೆ ಬಿಟ್ಟಿದ್ದಾಳೆ.

ನಾನು 2014ರಲ್ಲಿ ಗಂಡನ ವೀಸಾ ಮೇಲೆ ಸ್ಟುಟ್‌ಗಾರ್ಟ್‌ಗೆ ಬಂದವಳು. ಆ ಕೊನೆಯ ಸಾಲು ನನಗೆ ತಾಗಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಏಜೆಂಟ್ ವಿಷಯ. ದಯವಿಟ್ಟು ಆ ಹಣ ಕೊಡಬೇಡಿ. ಚಾನ್ಸೆನ್‌ಕಾರ್ಟೆ ಅಂದರೆ ಕೆಲಸ ಅಲ್ಲ, ಇಲ್ಲಿಗೆ ಬಂದು ಒಂದು ವರ್ಷ ಕೆಲಸ ಹುಡುಕಲು ಕೊಡುವ ಅನುಮತಿ. 2024ರ ಜೂನ್‌ನಲ್ಲಿ ಶುರುವಾಯಿತು. ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ವರ್ಷದ ಖರ್ಚಿಗೆ ಅಂತ ಸುಮಾರು 13,000 ಯೂರೋ ಮೊದಲೇ ಖಾತೆಯಲ್ಲಿ ಕಟ್ಟಿಡಬೇಕು, ಅಂದರೆ ನಮ್ಮ ಹದಿಮೂರು ಲಕ್ಷಕ್ಕೂ ಜಾಸ್ತಿ. ಈ ಅನುಮತಿಯ ಮೇಲೆ ಹೆಂಡತಿ, ಮಗಳನ್ನು ಕರೆಸಿಕೊಳ್ಳಲು ಆಗುವುದಿಲ್ಲ. ಒಬ್ಬರೇ ಬಂದು, ಭಾಷೆ ಬಾರದೆ, ಉಳಿತಾಯ ಕರಗುವುದನ್ನು ನೋಡುತ್ತಾ ಚಳಿಗಾಲ ಕಳೆಯುವುದು ಬಹಳ ಕಷ್ಟ. ಅರ್ಜಿಯನ್ನು ಆನ್‌ಲೈನ್‌ನಲ್ಲಿ ನೀವೇ ಹಾಕಬಹುದು, ವೀಸಾ ಶುಲ್ಕ 75 ಯೂರೋ. ನಾಲ್ಕು ಲಕ್ಷ ಯಾತಕ್ಕೆ? ನಮ್ಮ ಸರ್ಕಾರದಲ್ಲಿ ನೋಂದಣಿ ಆದ ರಿಕ್ರೂಟಿಂಗ್ ಏಜೆಂಟ್ ಕೂಡ ಸೇವಾ ಶುಲ್ಕ ಅಂತ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ.

ನಿಮಗೆ ಸರಿಯಾದದ್ದು ಬ್ಲೂ ಕಾರ್ಡ್, ಅಂದರೆ ನುರಿತ ಕೆಲಸಗಾರರಿಗೆ ಕೊಡುವ ವಾಸ ಮತ್ತು ಕೆಲಸದ ಅನುಮತಿ. ಅದಕ್ಕೆ ಕೈಯಲ್ಲಿ ಕೆಲಸದ ಒಪ್ಪಂದ ಇರಬೇಕು. ಐಟಿಯಂಥ, ಜನ ಸಾಲದ ಕೆಲಸಗಳಿಗೆ 2026ರಲ್ಲಿ ವರ್ಷದ ಸಂಬಳ ಕನಿಷ್ಠ 45,934 ಯೂರೋ, ಉಳಿದವಕ್ಕೆ 50,700. ಬೆಂಗಳೂರಿನಿಂದಲೇ ಅರ್ಜಿ ಹಾಕುತ್ತಾ ಹೋಗಿ, ತಿಂಗಳುಗಳು ಹಿಡಿಯಬಹುದು, ಹಿಡಿಯಲಿ. ಈ ಕಾರ್ಡ್ ಇದ್ದರೆ ಹೆಂಡತಿ ಭಾಷಾ ಪರೀಕ್ಷೆ ಇಲ್ಲದೆ ಬರಬಹುದು, ಬಂದ ಮೇಲೆ ಕೆಲಸವನ್ನೂ ಮಾಡಬಹುದು. 27 ತಿಂಗಳಿಗೆ ಕಾಯಂ ವಾಸದ ಅನುಮತಿ ಕೇಳಬಹುದು, ಬಿ1 ಮಟ್ಟದ, ಅಂದರೆ ದಿನಬಳಕೆಗೆ ಸಾಕಾಗುವಷ್ಟು ಜರ್ಮನ್ ಇದ್ದರೆ 21 ತಿಂಗಳಿಗೇ.

"ಭಾಷಾ ಪರೀಕ್ಷೆ ಬೇಡ" ಅನ್ನುವ ಆ ರಿಯಾಯಿತಿಯೇ ನನ್ನನ್ನು ಹಿಂದೆ ಹಾಕಿತು. ಶಿವಮೊಗ್ಗದಲ್ಲಿ ಐದು ವರ್ಷ ಟೀಚರ್ ಆಗಿದ್ದೆ. ಪರೀಕ್ಷೆ ಬೇಡವಲ್ಲ ಅಂತ ಒಂದಕ್ಷರ ಕಲಿಯದೆ ಬಂದೆ. ಹೊರಡುವ ಮೊದಲು ಕೈಯಲ್ಲಿದ್ದ ಏಳು ತಿಂಗಳು ಸುಮ್ನೆ ಹೋಯಿತು. ಇಲ್ಲಿ ಶಿಶುವಿಹಾರದಲ್ಲಿ ಕೆಲಸ ಸಿಗುವ ಹೊತ್ತಿಗೆ ನಾಲ್ಕು ವರ್ಷ ಆಗಿತ್ತು. ಮೊದಲ ಚಳಿಗಾಲದಲ್ಲಿ ಬೇಕರಿಗೆ ಹೋಗಿ ಬೆರಳು ತೋರಿಸಿ ಬ್ರೆಡ್ ತರುತ್ತಿದ್ದೆ. ಅಂಗಡಿಯವರು ಏನಾದರೂ ಕೇಳಿದರೆ ಎಲ್ಲಕ್ಕೂ "ಯಾ, ಯಾ" ಅನ್ನುತ್ತಿದ್ದೆ. ಮನೆಗೆ ಬಂದು ಅಳುತ್ತಿದ್ದೆ.

ಅದಕ್ಕೇ ಹೇಳುತ್ತಿದ್ದೇನೆ, ನಿಮ್ಮ ಮನೆಯಲ್ಲಿ ಈ ದೇಶಕ್ಕೆ ಜಾಸ್ತಿ ಬೇಕಾದವರು ನಿಮ್ಮ ಹೆಂಡತಿ. ಇಲ್ಲಿನ ಆಸ್ಪತ್ರೆಗಳಲ್ಲಿ, ವೃದ್ಧಾಶ್ರಮಗಳಲ್ಲಿ ನರ್ಸ್‌ಗಳು ಸಾಲುತ್ತಿಲ್ಲ. ಆದರೆ ಡಿಗ್ರಿ ಇದ್ದ ಮಾತ್ರಕ್ಕೆ ನರ್ಸ್ ಅಂತ ಕೆಲಸ ಮಾಡಲು ಬಿಡುವುದಿಲ್ಲ. ಓದಿಗೆ ಇಲ್ಲಿನ ಮಾನ್ಯತೆ ಬೇಕು, ಅದಕ್ಕೆ ಅನರ್ಕೆನ್ನುಂಗ್ ಅನ್ನುತ್ತಾರೆ. ಕಾಲೇಜಿನಲ್ಲಿ ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ವಾರ್ಡ್ ಅನ್ನುವುದನ್ನು ಇಲ್ಲಿನ ಓದಿನ ಜೊತೆ ಹೋಲಿಸುತ್ತಾರೆ. ಕೊರತೆ ಕಂಡರೆ ಒಂದು ತರಬೇತಿ ಮುಗಿಸಬೇಕು, ಇಲ್ಲವೇ ಪರೀಕ್ಷೆ ಪಾಸಾಗಬೇಕು. ಅಲ್ಲಿಯವರೆಗೆ ಸಹಾಯಕಿ ಅಂತ ಕಡಿಮೆ ಸಂಬಳಕ್ಕೆ ದುಡಿಯಬಹುದು. ಭಾಷೆ ಸಾಮಾನ್ಯವಾಗಿ ಬಿ2, ಅಂದರೆ ಬಿ1ಗಿಂತ ಒಂದು ಮೆಟ್ಟಿಲು ಮೇಲಿನ ಮಟ್ಟ ಕೇಳುತ್ತಾರೆ. ಅದು ಸುಲಭ ಅಲ್ಲ, ಒಂದು ವರ್ಷವಾದರೂ ದಿನಾ ಕೂತು ಓದಬೇಕು. ರಾತ್ರಿ ಪಾಳಿಯಲ್ಲಿ ಎಂಬತ್ತು ದಾಟಿದ ಅಜ್ಜಿ ಹಳ್ಳಿ ಮಾತಿನಲ್ಲಿ ಎಲ್ಲಿ ನೋವು ಅಂತ ಹೇಳಿದರೆ ಅದು ಅರ್ಥ ಆಗಬೇಕಲ್ವಾ?

ಹಾಗಾಗಿ ನೀವು ಕೆಲಸ ಹುಡುಕುವಷ್ಟು ದಿನ ಅವರು ಜರ್ಮನ್ ಕಲಿಯಲಿ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕ್ಲಾಸೂ ಇದೆ, ಪರೀಕ್ಷೆಯೂ ಇದೆ. ಕಾಲೇಜಿನ ಅಂಕಪಟ್ಟಿ, ಗಂಟೆಗಳ ವಿವರ, ಕೆಲಸ ಮಾಡಿದ ಆಸ್ಪತ್ರೆಯ ಪತ್ರ, ಎಲ್ಲ ಈಗಲೇ ತೆಗೆಸಿಡಿ. ಇಲ್ಲದಿದ್ದರೆ ಇಲ್ಲಿಗೆ ಬಂದ ಮೇಲೆ ಅದೇ ಕಾಗದಕ್ಕೆ ನಿಮ್ಮ ಮಾವ ಕಾಲೇಜಿಗೂ ವಿಶ್ವವಿದ್ಯಾಲಯಕ್ಕೂ ಅಲೆಯಬೇಕಾಗುತ್ತದೆ. ಯಾರಿಗೆ ಮೊದಲು ಕೆಲಸ ಸಿಗುತ್ತದೋ ಅವರ ದಾರಿಯಲ್ಲಿ ಬನ್ನಿ. ಅದು ನಿಮ್ಮ ಹೆಂಡತಿಯೇ ಆಗಿರಬಹುದು, ಅದಕ್ಕೆ ನೀವು ಮನಸ್ಸು ಸಿದ್ಧ ಮಾಡಿಕೊಳ್ಳಿ.

ನಿಮ್ಮ ಭಾವ ಜಮೀನು ಮಾರಿ ಯುರೋಪಿನಲ್ಲಿ ಮನೆ ಕೊಂಡು ವೀಸಾ ಮಾಡಿಸುವ ಬಗ್ಗೆ ಕೇಳಿದ್ದಾರಲ್ಲ. ಜರ್ಮನಿಯಲ್ಲಿ ಮನೆ ಕೊಂಡರೆ ವೀಸಾ ಕೊಡುವ ಪದ್ಧತಿ ಇಲ್ಲ. ಪೋರ್ಚುಗಲ್ 2023ರಲ್ಲಿ ಆಸ್ತಿಯ ದಾರಿ ನಿಲ್ಲಿಸಿತು, ಸ್ಪೇನ್ 2025ರ ಏಪ್ರಿಲ್‌ನಲ್ಲಿ ಮುಚ್ಚಿತು. ಜಮೀನು ಉಳಿಸಿಕೊಳ್ಳಲು ಹೇಳಿ. ಅಮ್ಮನನ್ನೂ ಕರೆಸಿಕೊಳ್ಳಬಹುದಾ ಅಂತ ಕೇಳಿದ್ದೀರಿ, ಆ ವಿಷಯ ನನಗೂ ನೋವಿನದು. 2024ರ ಮಾರ್ಚ್‌ನಿಂದೀಚೆಗೆ ಮೊದಲ ಅನುಮತಿ ಪಡೆದ ನುರಿತ ಕೆಲಸಗಾರರು ತಂದೆತಾಯಿಯನ್ನು ಕರೆಸಿಕೊಳ್ಳಬಹುದು ಅಂತ ಕಾನೂನು ಬಂದಿದೆ. ಆದರೆ ವಯಸ್ಸಾದವರಿಗೆ ಇಲ್ಲಿ ಆರೋಗ್ಯ ವಿಮೆ ಸಿಗುವುದೇ ಕಷ್ಟ. ನಮ್ಮಮ್ಮ ಮೂರು ತಿಂಗಳಿಗೆ ಬಂದು ಹೋಗುತ್ತಾರೆ, ಅಷ್ಟೇ.

ಇನ್ನೊಂದು ಮಾತು, ಯಾರೂ ಹೇಳುವುದಿಲ್ಲ. ಇಲ್ಲಿ ಅಂಚೆಪೆಟ್ಟಿಗೆಯ ಮೇಲೆ ಹೆಸರು ಇಲ್ಲದಿದ್ದರೆ ಕಾಗದ ಬರುವುದಿಲ್ಲ. ನಮ್ಮ ಕಡೆ ಗಂಡ ಹೆಂಡತಿಯ ಕೊನೆಯ ಹೆಸರು ಬೇರೆ ಬೇರೆ ಇರುತ್ತದಲ್ಲ. ನಮ್ಮ ಪೆಟ್ಟಿಗೆಯ ಮೇಲೆ ನನ್ನ ಗಂಡನ ಹೆಸರು ಮಾತ್ರ ಇತ್ತು. ನನ್ನ ವಾಸದ ಅನುಮತಿಯ ಕಾಗದ ಎರಡು ಸಲ ವಾಪಸ್ ಹೋಯಿತು, ಸೇರಬೇಕಿದ್ದ ಒಂದು ಕೋರ್ಸ್ ತಪ್ಪಿತು. ಮನೆ ಸಿಕ್ಕ ದಿನವೇ ಮೂವರ ಹೆಸರನ್ನೂ ಅಂಟಿಸಿ. ಬಂದ ದಿನವೇ ಮಗಳನ್ನು ಶಿಶುವಿಹಾರದ ಕಾಯುವ ಪಟ್ಟಿಗೂ ಸೇರಿಸಿ. ಜಾಗ ಕೇಳುವುದು ಕಾನೂನಿನ ಪ್ರಕಾರ ಮಗುವಿನ ಹಕ್ಕು, ಆದರೂ ಜಾಗ ಸಾಲುತ್ತಿಲ್ಲ.

ಮುಂದಿನ ಸಲ ನೀವು ಬರೆಯಬೇಡಿ, ನಿಮ್ಮ ಹೆಂಡತಿಗೆ ಬರೆಯಲು ಹೇಳಿ. ಯಾವ ವಾರ್ಡ್‌ನಲ್ಲಿದ್ದರು, ಮತ್ತೆ ಆ ಕೆಲಸಕ್ಕೆ ಹೋಗಲು ಮನಸ್ಸಿದೆಯಾ, ಅದನ್ನು ಅವರ ಬಾಯಲ್ಲೇ ಕೇಳಬೇಕು ನನಗೆ.