ರೋಸ್‌ಮೆರಿ ಒಣಗಿದ್ದು ನೀರಿಲ್ಲದೆ ಅಲ್ಲ

ಸಕಲೇಶಪುರದ ಅಕ್ಕನವರೇ, ಜೂನ್‌ನಲ್ಲಿ ಅಂಗಳದಲ್ಲಿ ನೆಟ್ಟ, ಅಡುಗೆಗೆ ಘಮ ಕೊಡುವ ಎರಡು ರೋಸ್‌ಮೆರಿ ಗಿಡಗಳಲ್ಲಿ ಒಂದು ಬುಡದಿಂದ ಕಂದಾಗಿ ಒಣಗಿತು, ನೀರು ಸಾಲದೇ ಹೋಯಿತೇ ಎಂದು ಕೇಳಿದ್ದೀರಿ. ನಿಮ್ಮೂರಿನ ಮಳೆಗಾಲದಲ್ಲಿ ನೀರು ಸಾಲದಿರುವುದುಂಟೇ! ಬೇರು ಕೊಳೆತಿರಬೇಕು. ಕೊಳೆತ ಬೇರು ನೀರು ಎಳೆಯಲಾರದು, ಗಿಡ ಬಾಯಾರಿದಂತೆ ಕಾಣುತ್ತದೆ, ನಾವು ಇನ್ನೊಂದು ಚೊಂಬು ಸುರಿಯುತ್ತೇವೆ. ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಮೊದಲ ಮೂರು ಗಿಡಗಳು ಹೋದದ್ದು ಹೀಗೆಯೇ.

ಇದು ಮೆಡಿಟರೇನಿಯನ್ ದಂಡೆಯ ಕಲ್ಲುನೆಲದ ಗಿಡ. ಅಲ್ಲಿ ಮಳೆ ಚಳಿಗಾಲದಲ್ಲಿ, ಬೇಸಿಗೆ ಒಣ. ಹಾಗಾಗಿ ಮಳೆ ಹೊಳವಾದ ಮೇಲೆ ಉಳಿದ ಗಿಡವನ್ನು ಹೆಂಟೆ ಸಮೇತ ಎತ್ತಿ, ತಳದಲ್ಲಿ ತೂತಿರುವ ಮಣ್ಣಿನ ಕುಂಡಕ್ಕೆ ಹಾಕಿ. ಕೆಂಪು ಮಣ್ಣು ಒಂದು ಪಾಲು, ದಪ್ಪ ಮರಳು ಒಂದು ಪಾಲು, ಕಾಂಪೋಸ್ಟ್ ಅರ್ಧ ಪಾಲು ಸಾಕು. ಕಾಫಿ ತೋಟದ ಮಣ್ಣಾದರೆ ಹುಳಿ ಇರುತ್ತದೆ, ಒಂದು ಚಮಚ ಕೃಷಿ ಸುಣ್ಣ ಬೆರೆಸಿ. ಗೊಬ್ಬರ ಹೆಚ್ಚಾದರೆ ಗಿಡ ಸೊಂಪಾಗುತ್ತದೆ, ಘಮ ಹೋಗುತ್ತದೆ. ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೇಕು. ತೋಟದ ಸಿಲ್ವರ್ ಓಕ್ ಮರದ ನೆರಳು ಬೇಡ. ಮುಂದಿನ ಜೂನ್‌ಗೆ ಕುಂಡವನ್ನು ಮಾಡಿನ ಕೆಳಗೆ, ಸೂರಿನ ನೀರು ಬೀಳದ, ಬೆಳಕಿರುವ ಕಡೆಗೆ ಸರಿಸಿ.

ಕೊಯ್ಲಿನಲ್ಲಿ ನಮ್ಮವರು ಎಡವುವುದು ಕಾಫಿಯ ಅಭ್ಯಾಸದಿಂದ. ಕಾಫಿ ಗಿಡವನ್ನು ಬುಡಕ್ಕೆ ಕಡಿದರೂ ಚಿಗುರುತ್ತದೆ. ರೋಸ್‌ಮೆರಿಯಲ್ಲಿ ಎಲೆಯಿಲ್ಲದ ಹಳೆಯ ಕಟ್ಟಿಗೆಯವರೆಗೆ ಕತ್ತರಿಸಿದರೆ ಆ ಕೊಂಬೆ ಸಾಮಾನ್ಯವಾಗಿ ಮತ್ತೆ ಚಿಗುರುವುದಿಲ್ಲ. ಹಸಿರು ತುದಿಗಳನ್ನು ಮಾತ್ರ, ಒಮ್ಮೆಗೆ ಗಿಡದ ಮೂರನೇ ಒಂದು ಪಾಲಿಗಿಂತ ಕಡಿಮೆ, ಬೆಳಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ಒಣಗಿಸುವುದಾದರೆ ಡಿಸೆಂಬರ್ ಬರಲಿ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಕಾಫಿ ಕಣದ ಬಿಸಿಲಿಗೆ ಹರಡಬೇಡಿ, ಘಮವೆಲ್ಲ ಹಾರಿಹೋಗುತ್ತದೆ. ಕಟ್ಟು ಕಟ್ಟಿ ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿ. ಹಸಿಯದಾದರೆ ಹಾಸನದ ಆಲೂಗಡ್ಡೆ ಹುರಿಯುವಾಗ ಒಂದು ಕಡ್ಡಿ ಹಾಕಿ. ಕರಿಬೇವಿನಂತೆ ಹಿಡಿ ತುಂಬ ಹಾಕಿದ ದಿನ ನಮ್ಮ ಮನೆಯಲ್ಲಿ ಯಾರೂ ಉಣ್ಣಲಿಲ್ಲ.

ಬೀಜದ ಗೋಜಿಗೆ ಹೋಗಬೇಡಿ, ಮೊಳಕೆ ಬರುವುದು ನಿಧಾನ, ಬಂದರೂ ಕೆಲವೇ. ಹೂವಿಲ್ಲದ ಎಳೆಯ ಕಡ್ಡಿ, 4-5 ಇಂಚಿನದು, ಕೆಳಗಿನ ಎಲೆ ಸವರಿ ಒದ್ದೆ ಮರಳಿಗೆ ಚುಚ್ಚಿದರೆ ಒಂದೆರಡು ತಿಂಗಳಲ್ಲಿ ಬೇರು ಬಿಡುತ್ತದೆ.

ಉಳಿದ ಗಿಡದ ಬುಡದ ಫೋಟೊ ಹಾಕಿ. ತೊಗಟೆ ಈಗಲೇ ಕಪ್ಪಾಗಿದ್ದರೆ, ಕುಂಡಕ್ಕೆ ಎತ್ತುವ ಮೊದಲು ನಾಲ್ಕು ಕಡ್ಡಿ ಕತ್ತರಿಸಿ ಮರಳಿಗೆ ಹಾಕಿಕೊಳ್ಳಿ.