ಮುಪ್ಪಿನ ಮರೆವೋ, ಡಿಮೆನ್ಷಿಯಾವೋ? ಆರೋಗ್ಯ ಸಿಬ್ಬಂದಿಯ ಪ್ರಶ್ನೆಗಳು

ಪ್ರಶ್ನೆ: ನಮ್ಮ ಕೇಂದ್ರಕ್ಕೆ ಬರುವ ಹಿರಿಯರಲ್ಲಿ ಹೆಚ್ಚಿನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನೆನಪು-ಗ್ರಹಿಕೆ ಅಳೆಯುವ 30 ಅಂಕದ ಪ್ರಶ್ನಾವಳಿ (ಎಂಎಂಎಸ್ಇ) ಹಿಡಿದು ಕೂತರೆ ಎಲ್ಲರೂ ಫೇಲ್! ಡಿಮೆನ್ಷಿಯಾ, ಎಂದರೆ ನೆನಪು-ಗ್ರಹಿಕೆ ಮೆಲ್ಲಗೆ ಕುಂದಿ ದಿನದ ಕೆಲಸಗಳೂ ಕೈಬಿಡುವ ಮಿದುಳಿನ ಕಾಯಿಲೆ, ಇದೆಯೋ ಇಲ್ಲವೋ ಹೇಗೆ ಗುರುತಿಸಲಿ?
– ಸಮುದಾಯ ಆರೋಗ್ಯ ಅಧಿಕಾರಿ, ಆಳಂದ ತಾಲ್ಲೂಕು

ಉತ್ತರ: ಆ 30ರಲ್ಲಿ ಓದಿಗೆ, ಬರಹಕ್ಕೆ, ಚಿತ್ರ ನಕಲಿಗೆ ತಲಾ ಒಂದು ಅಂಕ, ನೂರರಿಂದ ಏಳೇಳು ಕಳೆಯುವುದಕ್ಕೆ ಐದು. ಅಕ್ಷರ ಬಾರದವರು ಬಾಯಿ ತೆರೆಯುವ ಮುನ್ನವೇ ಎಂಟು ಹೋದಂತೆ. ಜಿಲ್ಲೆ ಯಾವುದು ಎಂದಾಗ ಶಹಾಪುರದ ಮುತ್ಯಾ ‘ಗುಲ್ಬರ್ಗಾ’ ಎಂದರೆ ತಪ್ಪು ಹಾಕುವ ಅವಸರ ಬೇಡ. ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಗೆ, ಗುಲ್ಬರ್ಗಾ ಕಲಬುರಗಿಯಾದದ್ದು 2014ರಲ್ಲಿ. ತಾರೀಖಿನ ಬದಲು ಎಳ್ಳಮವಾಸ್ಯೆ ಆಯಿತೋ, ತೊಗರಿ ರಾಶಿ ಮುಗಿಯಿತೋ ಎಂದು ಕೇಳಿ. ಮನೆಮಾತು ಲಂಬಾಣಿಯೋ, ದಖನಿಯೋ, ಮರಾಠಿಯೋ ಆಗಿದ್ದರೆ ಆ ಮಾತು ಬಲ್ಲವರನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ. ಅದಕ್ಕೂ ಮೊದಲು ಕಿವಿಗೆ ಟಾರ್ಚ್ ಹಾಕಿ ನೋಡಿ. ಗುಗ್ಗೆ ತುಂಬಿ ಪ್ರಶ್ನೆಯೇ ಕೇಳಿಸದವರಿಗೆ ನೆನಪಿಲ್ಲ ಎಂಬ ಷರಾ ಬೀಳುವುದುಂಟು.

ಅಂಕಕ್ಕಿಂತ ಹೆಚ್ಚು ಹೇಳುವುದು ಜೊತೆಗಿರುವ ಸೊಸೆಯೋ ಮಗಳೋ. ‘ಮರೆವು ಐತೇನು?’ ಎಂದು ಕೇಳಿದರೆ ‘ವಯಸ್ಸಾಯ್ತಲ್ಲ, ಅರಳು ಮರಳು’ ಎಂಬ ಉತ್ತರ ಬರುತ್ತದೆ. ‘ಹೋದ ವರ್ಷ ಮಾಡುತ್ತಿದ್ದು ಈಗ ಬಿಟ್ಟ ಕೆಲಸ ಯಾವುದು?’ ಎಂದು ಕೇಳಿ. ಪಿಂಚಣಿ ಹಣ ಎಣಿಸುವುದು, ಬಿಪಿ ಮಾತ್ರೆ ತಾವೇ ನುಂಗುವುದು, ಬ್ಯಾಳಿಗೆ ಉಪ್ಪು ಹಾಕುವುದು, ಹೊಲದಿಂದ ಒಬ್ಬರೇ ಮನೆಗೆ ಬರುವುದು. ಹೆಸರು ತಡವಾಗಿ ನೆನಪಾಗುವುದು ಮುಪ್ಪಿಗೆ ಸಹಜ. ಇಂಥ ಕೆಲಸಗಳು ಒಂದೊಂದಾಗಿ ಕೈಬಿಟ್ಟು, ಅದು ಆರು ತಿಂಗಳು ಮೀರಿದ್ದರೆ ಸಹಜವಲ್ಲ, ಮುಂದಕ್ಕೆ ಕಳುಹಿಸಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ರೂಪಿಸಿದ ನೆನಪು-ಗ್ರಹಿಕೆಯ ಪರೀಕ್ಷೆಗಳು ಕನ್ನಡದಲ್ಲೂ ಇವೆ. ಅವು ತಜ್ಞರ ಹಂತದ ಕೆಲಸ.

ಪ್ರಶ್ನೆ: 74 ವರ್ಷದವರು. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ. ಎರಡನೇ ರಾತ್ರಿಯಿಂದ ಸಲೈನ್ ಕಿತ್ತುಕೊಳ್ಳುತ್ತಾರೆ, ಸತ್ತವರನ್ನು ಕೂಗಿ ಕರೆಯುತ್ತಾರೆ, ಹಗಲಲ್ಲಿ ನಿದ್ದೆ. ಕೇಸ್ ಶೀಟ್‌ನಲ್ಲಿ ‘ಡಿಮೆನ್ಷಿಯಾ’ ಎಂದು ಬರೆದಿದ್ದಾರೆ. ಕೈ ಕಟ್ಟುವುದು ಸರಿಯೇ?
– ಸ್ಟಾಫ್ ನರ್ಸ್, ಬೀದರ್

ಉತ್ತರ: ಕಟ್ಟಬೇಡಿ, ಹೆದರಿಕೆ ಇಮ್ಮಡಿಯಾಗುತ್ತದೆ. ಎರಡು ದಿನದಲ್ಲಿ ಬಂದದ್ದು ಡಿಮೆನ್ಷಿಯಾ ಅಲ್ಲ. ಇದು ಡೆಲಿರಿಯಂ, ಎಂದರೆ ದೇಹದ ಬೇರೆ ತೊಂದರೆಯಿಂದ ಮಿದುಳು ದಿಢೀರನೆ ಗಲಿಬಿಲಿಗೊಳ್ಳುವುದು. ಗಂಟೆಗೊಮ್ಮೆ ಏರಿಳಿಯುತ್ತದೆ, ಗಮನ ನಿಲ್ಲುವುದಿಲ್ಲ. ವಾರದ ಹೆಸರುಗಳನ್ನು ಭಾನುವಾರದಿಂದ ಹಿಂದಕ್ಕೆ ಹೇಳಿಸಿ ನೋಡಿ, ನಡುವೆಯೇ ತಪ್ಪಿಹೋಗುತ್ತಾರೆ. ಮೊದಲೇ ಡಿಮೆನ್ಷಿಯಾ ಇದ್ದವರಿಗೆ ಇದು ಇನ್ನೂ ಬೇಗ ಬರುತ್ತದೆ, ಆದ್ದರಿಂದ ‘ಆಸ್ಪತ್ರೆಗೆ ಬರುವ ಮುಂಚೆ ಹೇಗಿದ್ದರು?’ ಎಂದು ಮನೆಯವರನ್ನು ಕೇಳದೆ ಏನನ್ನೂ ಬರೆಯಬಾರದು.

ಕಾರಣ ಹುಡುಕುವಾಗ ಹೊಟ್ಟೆಯ ಕೆಳಭಾಗ ಮುಟ್ಟಿ ನೋಡಿ: ಕ್ಯಾಥೆಟರ್ (ಮೂತ್ರದ ನಳಿಕೆ) ಕಟ್ಟಿಕೊಂಡು ಮೂತ್ರ ತುಂಬಿದೆಯೇ? ಮಲ ಹೋಗಿ ಎಷ್ಟು ದಿನವಾಯಿತು? ಆಕ್ಸಿಜನ್, ಸಕ್ಕರೆ, ಜ್ವರ ತಕ್ಷಣ ನೋಡಿ. ಸೋಡಿಯಂ 135ಕ್ಕಿಂತ ಕೆಳಗಿಳಿದಿದೆಯೇ ಎಂದು ರಕ್ತ ಕಳುಹಿಸಿ. ಬೇಸಿಗೆಯಲ್ಲಿ ನಮ್ಮ ಕಡೆ ನೀರಿನಂಶ ಬತ್ತುವುದೂ ಸಾಮಾನ್ಯ. ನೋವಿಗೆ ಮದ್ದು ಸಾಕಷ್ಟು ಸಿಕ್ಕಿದೆಯೇ ಎಂಬುದನ್ನು ಬಹಳ ಕಡೆ ಯಾರೂ ನೋಡುವುದಿಲ್ಲ. ಔಷಧಿ ಚೀಟಿಯಲ್ಲಿ ಫೆನಿರಮಿನ್, ಪ್ರೊಮೆಥಜಿನ್, ಟ್ರೈಹೆಕ್ಸಿಫೆನಿಡಿಲ್, ಅಮಿಟ್ರಿಪ್ಟಿಲಿನ್ ಇದ್ದರೆ ವೈದ್ಯರಿಗೆ ತೋರಿಸಿ. ಹಿರಿಯರ ತಲೆ ಕೆಡಿಸುವುದರಲ್ಲಿ ಇವು ಮುಂದು. ದಿನಾ ಕುಡಿಯುವವರಾಗಿದ್ದರೆ ದಾಖಲಾದ ಎರಡು-ಮೂರನೇ ದಿನ ಹೀಗಾಗುವುದುಂಟು, ಅದರ ಚಿಕಿತ್ಸೆಯೇ ಬೇರೆ. ಮನೆಯವರು ನಾಚಿಕೆಯಿಂದ ಮುಚ್ಚಿಡುತ್ತಾರೆ, ಒಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿ.

ಕನ್ನಡಕ ಹಾಕಿ, ಹಗಲು ಕಿಟಕಿ ತೆರೆದಿಡಿ, ರಾತ್ರಿ ಪರಿಚಯದ ಒಬ್ಬರನ್ನು ಬಳಿ ಬಿಡಿ, ಕ್ಯಾಥೆಟರ್ ಬೇಗ ತೆಗೆಸಿ. ಉದ್ರೇಕ ತಗ್ಗಿಸುವ ಹ್ಯಾಲೊಪೆರಿಡಾಲ್ ಮದ್ದು ಅಪಾಯವಿದ್ದಾಗ ಮಾತ್ರ, ಅದೂ ವೈದ್ಯರು ಬರೆದ ಅತಿ ಕಡಿಮೆ ಪ್ರಮಾಣದಲ್ಲಿ. ಪಾರ್ಕಿನ್ಸನ್ ಇದ್ದರೆ ಬೇಡವೇ ಬೇಡ. ಗದ್ದಲ ಮಾಡದೆ ಮಂಕಾಗಿ ಮಲಗಿರುವವರಲ್ಲೂ ಡೆಲಿರಿಯಂ ಇರುತ್ತದೆ, ‘ಶಾಂತವಾಗಿದ್ದಾರೆ’ ಎಂದು ದಾಟಿಹೋಗಬೇಡಿ.

ಪ್ರಶ್ನೆ: ಮರೆವಿಗೆ ಟಾನಿಕ್ ಕೊಡಿಸಿ ಎನ್ನುತ್ತಾರೆ. ಯಾವುದು ಒಳ್ಳೆಯದು?
– ಆಶಾ ಕಾರ್ಯಕರ್ತೆ, ಸುರಪುರ

ಉತ್ತರ: ಯಾವುದೂ ಅಲ್ಲ. ಮೊದಲು ರಕ್ತ ಪರೀಕ್ಷೆ: ಥೈರಾಯ್ಡ್, ಬಿ12, ಸೋಡಿಯಂ, ಕ್ಯಾಲ್ಸಿಯಂ, ಸಕ್ಕರೆ, ಹಿಮೋಗ್ಲೋಬಿನ್, ಮೂತ್ರಪಿಂಡ. ಮಾಂಸ ತಿನ್ನದ ಮನೆಯವರಲ್ಲಿ, ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಕಡಿಮೆಯಿರುವುದು ಸಾಮಾನ್ಯ. ಈಚೆಗೆ ಬಿದ್ದು ತಲೆಗೆ ಪೆಟ್ಟಾಗಿದ್ದರೆ ಸಿ.ಟಿ. ಸ್ಕ್ಯಾನ್ ಬೇಕೇ ಬೇಕು. ವಾರಗಟ್ಟಲೆ ನಿಧಾನವಾಗಿ ರಕ್ತ ಕಟ್ಟಿಕೊಂಡಿರಬಹುದು. ಆರೈಕೆ ಮಾಡುವವರು ಸೋತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ ನಂಬರ್ 14416 ಕೊಡಿ.

ಪ್ರಶ್ನೆ: ಸಿಬ್ಬಂದಿಗೆ ಡಿಮೆನ್ಷಿಯಾ ಬಗ್ಗೆ ತರಬೇತಿ ಕೊಡಲು ಒಂದೇ ಗಂಟೆ ಸಿಕ್ಕಿದೆ. ಏನು ಹೇಳಲಿ?
– ನರ್ಸಿಂಗ್ ಬೋಧಕಿ, ಕಲಬುರಗಿ

ಉತ್ತರ: ಮಿದುಳಿನ ಪ್ರೋಟೀನ್‌ಗಳ ಸ್ಲೈಡ್ ಬಿಟ್ಟುಬಿಡಿ. ಹಿರಿಯರ ಡಿಮೆನ್ಷಿಯಾ ಕುರಿತ ರಾಷ್ಟ್ರಮಟ್ಟದ ಲಾಸಿ-ಡ್ಯಾಡ್ ಅಧ್ಯಯನದ ಅಂದಾಜಿನಂತೆ 60 ದಾಟಿದವರಲ್ಲಿ ಶೇ. 7.4 ಮಂದಿಗೆ ಡಿಮೆನ್ಷಿಯಾ ಇದೆ. ಹಾಗೆ ನೋಡಿದರೆ 500 ಹಿರಿಯರಿರುವ ಉಪಕೇಂದ್ರದಲ್ಲಿ ಸುಮಾರು 37 ಮಂದಿ ಇರಬೇಕು. ಅವರವರ ರಿಜಿಸ್ಟರ್ ತೆಗೆಸಿ, ಎಷ್ಟು ಹೆಸರಿವೆ ಎಂದು ಅವರಿಂದಲೇ ಎಣಿಸಿ. ‘ಏನೂ ಮಾಡಲಾಗದು’ ಎನ್ನುವವರಿಗೆ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ 2024ರ ತಜ್ಞರ ಆಯೋಗದ ಲೆಕ್ಕ ಹೇಳಿ: ಬಿಪಿ, ಸಕ್ಕರೆ ಕಾಯಿಲೆ, ಕಿವುಡು, ಧೂಮಪಾನ, ದೃಷ್ಟಿದೋಷ ಸೇರಿ 14 ಅಪಾಯಕಾರಿ ಅಂಶಗಳನ್ನು ನಿವಾರಿಸಿದರೆ ಶೇ. 45ರಷ್ಟು ಪ್ರಕರಣಗಳನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು. ಇವುಗಳಲ್ಲಿ ಬಹಳಷ್ಟು, ಅಸಾಂಕ್ರಾಮಿಕ ರೋಗಗಳಿಗೆಂದೇ ಇರುವ ನಿಮ್ಮ ಎನ್‌ಸಿಡಿ ಕ್ಲಿನಿಕ್ ಈಗಾಗಲೇ ನೋಡುತ್ತಿರುವಂಥವೇ.

ಉಳಿದ ಅರ್ಧ ಗಂಟೆ ರೆಫರಲ್ ಚೀಟಿ ಬರೆಸಿ. ‘ಮರೆವು’ ಎಂದಷ್ಟೇ ಬರೆದ ಚೀಟಿ ಕಲಬುರಗಿ, ಬೀದರ್‌ಗಳ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಾದ ಜಿಮ್ಸ್‌ನಲ್ಲಿರಲಿ ಬ್ರಿಮ್ಸ್‌ನಲ್ಲಿರಲಿ, ವೈದ್ಯರಿಗೆ ಉಪಯೋಗಕ್ಕೆ ಬಾರದು. ಯಾವಾಗ ಶುರು, ದಿಢೀರನೆಯೋ ಮೆಲ್ಲಗೋ, ಕೈಬಿಟ್ಟ ಎರಡು ಕೆಲಸ, ನುಂಗುವ ಎಲ್ಲ ಮಾತ್ರೆ, ಬಿದ್ದದ್ದುಂಟೋ, ಕುಡಿತವುಂಟೋ, ಕಿವಿ-ಕಣ್ಣಿನ ಸ್ಥಿತಿ, ಜೊತೆಗಿರುವವರ ಫೋನ್ ನಂಬರ್ – ಇಷ್ಟನ್ನು ಅಂಗೈಯಗಲದ ಕಾಗದದಲ್ಲಿ ಬರೆಯಬಹುದು.