ಮೀನು ಮಾರುವವರ ಮೈಕೈ ನೋವನ್ನು ಅಳೆಯಲು ಯಾವ ಪ್ರಶ್ನಾವಳಿ?

ಪ್ರಶ್ನೆ: ನಾನು ನರ್ಸಿಂಗ್ ಸ್ನಾತಕೋತ್ತರ ವಿದ್ಯಾರ್ಥಿನಿ. ಕಾರವಾರದ ಬೈತಖೋಲ ಬಂದರಿನಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು ಮಾರುವ ಮಹಿಳೆಯರ ಮೈಕೈ ನೋವಿನ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಪ್ರಶ್ನಾವಳಿಯನ್ನು ನಾನೇ ತಯಾರಿಸಬೇಕೆ? ಕ್ರಾನ್‌ಬಾಕ್ ಆಲ್ಫಾ ಎಂಬ ಸೂಚ್ಯಂಕ 0.7 ದಾಟಿದರೆ ಸಾಕು ಎನ್ನುತ್ತಾರೆ, ನಿಜವೆ? ಆಧಾರಗಳನ್ನು ಎಲ್ಲಿ ಹುಡುಕಲಿ?
– ಓದುಗರು, ಅಂಕೋಲಾ

ಉತ್ತರ: ಹೊಸದಾಗಿ ತಯಾರಿಸಬೇಡಿ. ನಿಮ್ಮ ವಿಷಯಕ್ಕೆ 1987ರಲ್ಲಿ ಪ್ರಕಟವಾದ ನಾರ್ಡಿಕ್ ಪ್ರಶ್ನಾವಳಿ ಇದೆ. ಮನುಷ್ಯದೇಹದ ಚಿತ್ರದಲ್ಲಿ ಕುತ್ತಿಗೆಯಿಂದ ಪಾದದವರೆಗೆ ಒಂಬತ್ತು ಭಾಗಗಳನ್ನು ಗುರುತಿಸಿ, ಕಳೆದ 12 ತಿಂಗಳಲ್ಲಿ ಮತ್ತು ಕಳೆದ 7 ದಿನಗಳಲ್ಲಿ ಆಯಾ ಭಾಗದಲ್ಲಿ ತೊಂದರೆ ಇತ್ತೇ ಎಂದು ಅದು ಕೇಳುತ್ತದೆ. ಓದು ಬಾರದವರೂ ಚಿತ್ರದ ಮೇಲೆ ಬೆರಳಿಟ್ಟು ತೋರಿಸಬಹುದಾದ್ದರಿಂದ ನಿಮ್ಮ ಕೆಲಸಕ್ಕೆ ಇದು ಹೊಂದುತ್ತದೆ.

ಆದರೆ ಆ 7 ದಿನಗಳು ಯಾವ ತಿಂಗಳಿನವು ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವುದಿಲ್ಲ. ಬಂದರಿಗೆ ಬರುವ ಮೀನೂ ಹೊರುವ ಬುಟ್ಟಿಯೂ ಆಗ ಬೇರೆಯೇ ಆಗಿರುತ್ತವೆ. ಅರ್ಧ ಜನರನ್ನು ಜುಲೈಯಲ್ಲೂ ಉಳಿದವರನ್ನು ಅಕ್ಟೋಬರ್‌ನಲ್ಲೂ ಮಾತನಾಡಿಸಿ ಒಟ್ಟಿಗೆ ಲೆಕ್ಕ ಹಾಕಿದರೆ, ನೋವಿನ ವ್ಯತ್ಯಾಸ ವಯಸ್ಸಿನಿಂದ ಬಂದದ್ದೋ ಹಂಗಾಮಿನಿಂದ ಬಂದದ್ದೋ ಎಂದು ಬಿಡಿಸಿ ಹೇಳುವುದು ಬಹಳ ಕಷ್ಟವಾಗುತ್ತದೆ.

ಆಲ್ಫಾ ಕುರಿತು ನೀವು ಕೇಳಿದ ಮಾತನ್ನು ನಾನು ಒಪ್ಪುವುದಿಲ್ಲ. ಒಂದೇ ಗುಣವನ್ನು ಅಳೆಯಲು ಹೊರಟ ಹಲವು ಪ್ರಶ್ನೆಗಳು ಪರಸ್ಪರ ಎಷ್ಟು ಹೊಂದುತ್ತವೆ ಎಂಬುದನ್ನಷ್ಟೇ ಅದು ತಿಳಿಸುತ್ತದೆ. ಅಳೆಯಬೇಕಾದದ್ದನ್ನೇ ಅಳೆದಿದ್ದೇವೆಯೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಅಲ್ಲದೆ, ತಲೆಹೊರೆಯಿಂದ ಕುತ್ತಿಗೆ ನೋಯುವವರಿಗೆ ಮಂಡಿಯೂ ನೋಯಲೇಬೇಕೆಂದಿಲ್ಲವಾದ್ದರಿಂದ, ಈ ಪ್ರಶ್ನಾವಳಿಗೆ ಆಲ್ಫಾ ಸೂಕ್ತವಾದ ಪರೀಕ್ಷೆಯೇ ಅಲ್ಲ. ಅದರ ಬದಲು ಕೆಲವರನ್ನು ಒಂದೆರಡು ದಿನಗಳ ನಂತರ ಮತ್ತೊಮ್ಮೆ ಕೇಳಿ, ಎರಡೂ ಸಲದ ಉತ್ತರಗಳು ಎಷ್ಟು ತಾಳೆಯಾಗುತ್ತವೆ ಎಂಬುದನ್ನು ಕಪ್ಪಾ ಸೂಚ್ಯಂಕದಿಂದ ಲೆಕ್ಕ ಹಾಕಿ. ಪರೀಕ್ಷಕರು ಆಲ್ಫಾ ಎಲ್ಲಿ ಎಂದು ಕೇಳಿದರೆ ಈ ಕಾರಣವನ್ನೇ ಧೈರ್ಯವಾಗಿ ಹೇಳಿ.

ಕಾರವಾರದ ಮೀನುಗಾರ ಕುಟುಂಬಗಳಲ್ಲಿ ಅನೇಕರ ಮನೆಮಾತು ಕೊಂಕಣಿ. ಆದ್ದರಿಂದ ಕನ್ನಡದ ಪ್ರತಿಯೊಂದೇ ಸಾಲದು. ಕೊಂಕಣಿಗೆ ಒಬ್ಬರು ಅನುವಾದಿಸಿ, ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಹಿಂದಕ್ಕೆ ಅನುವಾದಿಸಿದ ಮೇಲೆ, ನಾಲ್ಕಾರು ಮಹಿಳೆಯರ ಬಳಿ ಕುಳಿತು ಪ್ರತಿ ಪ್ರಶ್ನೆಯೂ ಅವರಿಗೆ ಏನೆಂದು ಅರ್ಥವಾಯಿತು ಎಂದು ಅವರ ಮಾತಿನಲ್ಲೇ ಕೇಳಿಸಿಕೊಳ್ಳಿ. ಸಮಯದ ಅಭಾವದಲ್ಲಿ ಹೆಚ್ಚಿನವರು ಕೈಬಿಡುವುದು ಈ ಕೊನೆಯ ಹಂತವನ್ನೇ. ನೀವು ದಯವಿಟ್ಟು ಬಿಡಬೇಡಿ.

ಆಧಾರಗಳಿಗೆ ವೈದ್ಯಕೀಯ ಲೇಖನಗಳ ಅಂತರ್ಜಾಲ ಸೂಚಿಯಾದ ಪಬ್‌ಮೆಡ್‌ನಿಂದ ಆರಂಭಿಸಿ. ಅಲ್ಲಿ ಹುಡುಕಲು ಶುಲ್ಕವಿಲ್ಲ. ಪ್ರಶ್ನಾವಳಿಯ ಹೆಸರಿನೊಡನೆ ಸಿಂಧುತ್ವ, ವಿಶ್ವಾಸಾರ್ಹತೆ ಎಂಬರ್ಥದ ಇಂಗ್ಲಿಷ್ ಪದಗಳನ್ನೂ ‘ಇಂಡಿಯಾ’ ಎಂಬುದನ್ನೂ ಸೇರಿಸಿ ಹುಡುಕಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ 2007ರಲ್ಲಿ ನಮ್ಮ ದೇಶದವರಿಗೆ ಉಚಿತವಾಗಿ ತೆರೆದುಕೊಂಡ ಕೊಕ್ರೇನ್ ಗ್ರಂಥಾಲಯ ಎಂಬ ವೈದ್ಯಕೀಯ ವಿಮರ್ಶೆಗಳ ಸಂಗ್ರಹವು ಮುಖ್ಯವಾಗಿ ಚಿಕಿತ್ಸೆಯ ಪರಿಣಾಮಗಳನ್ನು ತೂಗಿ ನೋಡುತ್ತದೆ. ಪ್ರಶ್ನಾವಳಿಯ ಗುಣಮಟ್ಟ ತಿಳಿಯಲು ಅಲ್ಲಿಗಿಂತ ಆರೋಗ್ಯದ ಅಳತೆಗೋಲುಗಳನ್ನು ಪರಿಶೀಲಿಸುವ ಕಾಸ್ಮಿನ್ ಎಂಬ ಸಂಶೋಧಕರ ತಂಡದ ಮಾನದಂಡಗಳೂ ಅವರು ಕಲೆಹಾಕಿರುವ ವಿಮರ್ಶೆಗಳ ಪಟ್ಟಿಯೂ ಉಪಯುಕ್ತ.

ಜೀವನದ ಗುಣಮಟ್ಟವನ್ನೂ ಅಳೆಯುವ ಯೋಚನೆಯಿದ್ದರೆ ಪರವಾನಗಿಯ ವಿಚಾರ ಗಮನಿಸಿ. ಎಸ್‌ಎಫ್-36 ಎಂಬ ಪ್ರಶ್ನಾವಳಿಯ ವಾಣಿಜ್ಯ ಆವೃತ್ತಿಗೆ ಪರವಾನಗಿ ಬೇಕು, ರ‍್ಯಾಂಡ್ ಸಂಸ್ಥೆಯ 36 ಪ್ರಶ್ನೆಗಳ ಆವೃತ್ತಿ ಉಚಿತ. ಯಾವುದನ್ನು ಆರಿಸಿದರೂ ನೈತಿಕ ಸಮಿತಿಗೆ ಅರ್ಜಿ ಕೊಡುವಾಗ ಕನ್ನಡ ಮತ್ತು ಕೊಂಕಣಿ ಪ್ರತಿಗಳೆರಡನ್ನೂ ಲಗತ್ತಿಸಿ.